ಹಲ್ಲಕ್ಕನ ಮಿಕ್ಸರಿನ ಬೆನ್ನು

ಊರಿನ ಅರ್ಧದಷ್ಟು ಮುದುಕರ ಬಾಯಲ್ಲಿರುವ ಹಲ್ಲು ಹಲ್ಲಕ್ಕನದು. ಅಂದರೆ ಅವಳು ಕಟ್ಟಿಕೊಟ್ಟದ್ದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುವುದು ಅವಳ ಕಸುಬು. ಕೆಲಸದ ಕೋಣೆ ಮನೆಯಲ್ಲೇ. ಗೋಡೆಯುದ್ದಕ್ಕೂ ಮೂರು ಹಲಗೆ, ಹಲಗೆಯ ತುಂಬ ಬಿಳಿ ದವಡೆಗಳು. ಒಳಗೆ ಕಾಲಿಟ್ಟವರನ್ನು ನೋಡಿ ಅವೆಲ್ಲ ಒಟ್ಟಿಗೇ ಹಲ್ಲು ಕಿರಿಯುತ್ತಿದ್ದವು. ಹೊಸಬರು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಹಲ್ಲಕ್ಕನಿಗೆ ಮಾತ್ರ ಅವು ಟಿಕೆಟ್ಟಿಲ್ಲದೆ ಬಂದ ಸಭಿಕರು.

ಸಭಿಕರು ಯಾಕೆಂದರೆ, ಹನ್ನೊಂದು ತಿಂಗಳಿಂದ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಅವಳು ಮೇಣ ಕರಗಿಸುವ ದೀಪ ಆರಿಸಿ, ಕೈ ತೊಳೆದು, ಒಂದು ಗಂಟೆಯ ಮಟ್ಟಿಗೆ ಡಿಜೆ ಆಗುತ್ತಿದ್ದಳು. ನಗಬೇಡಿ. ನಲವತ್ಮೂರು ತುಂಬಿದ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ ಹೆಂಗಸು ಡಿಜೆ ಆಗಬಾರದೆಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ. ಸೌಂಡ್ ಸಿಸ್ಟಂ ಅಂಗಡಿ ಮುಚ್ಚಿದ ಒಬ್ಬ ಹಿರಿಯರಿಗೆ ಮೇಲಿನ ಮತ್ತು ಕೆಳಗಿನ ಪೂರ್ತಿ ಸೆಟ್ಟು ಕಟ್ಟಿಕೊಟ್ಟದ್ದಕ್ಕೆ ಅವರು ತಮ್ಮ ಡಿಜೆ ಮಿಕ್ಸರನ್ನೂ ಹಾಡು ಹಾಕುವ ಎರಡು ಪ್ಲೇಯರುಗಳನ್ನೂ ಸದ್ದಿಗೆ ಮಾರ್ದನಿ ಕೂಡಿಸುವ ಒಂದು ಹಳೆಯ ಎಕೋ ಡಬ್ಬಿಯನ್ನೂ ಕೊಟ್ಟಿದ್ದರು. ಅವರಿಗೆ ಅಗಿಯಲು ಬಂತು, ಇವಳಿಗೆ ಬೆರೆಸಲು ಬಂತು. ಮಿಕ್ಸರ್ ಬಂದಿದೆಯಂತೆ ಎಂದು ತಿಳಿದ ಪಕ್ಕದ ಮನೆಯಾಕೆ, "ಎಷ್ಟು ಜಾರಿಂದು?" ಎಂದು ಕೇಳಿ ಹೋಗಿದ್ದರು.

ಹಲ್ಲಕ್ಕನಿಗೆ ಈ ವಿದ್ಯೆ ಬೇಗ ಒಲಿಯಿತು. ಒಂದು ಹಾಡು ಮುಗಿಯುತ್ತಿರುವಾಗಲೇ ಇನ್ನೊಂದನ್ನು ಅದರ ತಾಳಕ್ಕೆ ಕೂರಿಸಬೇಕು, ಬೆಸುಗೆ ಎಲ್ಲಿ ಅಂತ ಯಾರಿಗೂ ಗೊತ್ತಾಗಬಾರದು. ನಿಜವಾದ ಹಲ್ಲಿನ ಪಕ್ಕ ಕಟ್ಟಿದ ಹಲ್ಲು ಕೂರಿಸಿ ಇಪ್ಪತ್ತು ವರ್ಷ ಕಳೆದವಳಿಗೆ ಇದೇನು ಮಹಾ.

ತೊಂದರೆಯೆಲ್ಲ ಇದ್ದದ್ದು ಗೋಡೆಯ ಆಚೆ. ಆಚೆ ಕೋಣೆಯಲ್ಲಿ ಗಂಡ ಮಲಗಿರುತ್ತಿದ್ದ. ಅವನು ದೊಡ್ಡ ಬೇಕರಿಯೊಂದರಲ್ಲಿ ರಾತ್ರಿ ಪಾಳಿಯ ಒಲೆಯವನು. ಊರು ಮಲಗಿದಾಗ ಬ್ರೆಡ್ ಸುಟ್ಟು, ಊರು ಏಳುವಾಗ ಮನೆಗೆ ಬಂದು, ಎಂಟಕ್ಕೆ ಮಲಗಿದರೆ ಸಂಜೆ ಐದಕ್ಕೆ ಏಳುವುದು. ಈ ಮಿಕ್ಸರ್ ಬರುವ ಮುಂಚೆ ಒಂದು ಸಲ ಮೇಲಿನ ಮನೆಯವರು ಒಂದು ವಾರ ಹಗಲೆಲ್ಲ ಗೋಡೆ ಕೊರೆದಿದ್ದರು. ಆ ವಾರ ನಿದ್ದೆಯಿಲ್ಲದೆ ಅವನು ಒಲೆಯ ಬಾಗಿಲಿಗೆ ಮುಂಗೈ ತಗುಲಿಸಿಕೊಂಡ. ಗೇಣುದ್ದದ ಗಾಯ. ಮಾಯ್ದ ಮೇಲೂ ಆ ಕಲೆ ಕಂಡಾಗಲೆಲ್ಲ ಹಲ್ಲಕ್ಕ ಅದರ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು. ಅದಕ್ಕೇ ಮಿಕ್ಸರ್ ಮನೆಗೆ ಬಂದ ದಿನವೇ ಗಂಡನ ಎದುರು ನಿಂತು ಹೇಳಿದ್ದಳು: "ಇದರಿಂದ ನಿಮ್ಮ ನಿದ್ದೆ ಒಂದೇ ಒಂದು ದಿನ ಕೆಟ್ರೂ ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಮತ್ತೆ ಇಳಿಸಲ್ಲ."

"ನಂಗೆ ನಿದ್ದೆ ಹತ್ತಿದ್ರೆ ಆನೆ ತುಳಿದ್ರೂ ಎಚ್ಚರ ಆಗಲ್ಲ," ಎಂದಿದ್ದ ಗಂಡ.

ಮಾತು ಕೊಟ್ಟ ಮೇಲೆ ಹಲ್ಲಕ್ಕ ಮಾತಿನವಳು. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಮುಂದಿನ ಹಾಡನ್ನು ಕೇಳಿಸಿಕೊಳ್ಳುತ್ತಿದ್ದಳು. ಇನ್ನೊಂದು ಕಿವಿಯಲ್ಲಿ ಅರ್ಧ ಸ್ಪೀಕರು, ಅರ್ಧ ಗಂಡ. ಆಚೆ ಮಂಚ ಕಿರ್ ಎಂದಿತೋ, ಇವಳ ಕೈ ಮಾಸ್ಟರ್ ಎಂದು ಬರೆದ ನಾಬಿಗೆ ಹೋಯಿತು, ಸದ್ದು ನೆಲ ಕಚ್ಚಿತು. ಮಂಚ ಸುಮ್ಮನಾದ ಮೇಲೆ ಮೆಲ್ಲಗೆ ಮತ್ತೆ ಏರಿಸುವುದು. ದಿನಕ್ಕೆ ಐದಾರು ಸಲ ಹೀಗೆ ನಡೆಯುತ್ತಿತ್ತು. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ತಾನು ಹಾಗೆ ಮಾಡುತ್ತಿದ್ದೇನೆ ಎಂಬುದೂ ಅವಳಿಗೆ ಮರೆತುಹೋಗಿತ್ತು.

ಮಿಕ್ಸರಿಗೆ ವೈರು ಜೋಡಿಸಿಕೊಟ್ಟವನು ಅಕ್ಕನ ಗಂಡ. ಲಿಫ್ಟ್ ರಿಪೇರಿ ಮಾಡುವವನಾದ್ದರಿಂದ ಲಿಫ್ಟ್ ಭಾವ ಎಂದೇ ಹೆಸರು. ಮಿಕ್ಸರಿನ ಹಿಂಬದಿಯಲ್ಲಿ ಸಾಲಾಗಿ ಅಷ್ಟೊಂದು ತೂತುಗಳಿದ್ದರೂ ಭಾವನಿಗೆ ಒಂದು ಕ್ಷಣದ ಅನುಮಾನವೂ ಬರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಅವನಿಗಿದ್ದಷ್ಟು ಧೈರ್ಯ ಗೊತ್ತಿರುವವರಿಗೂ ಇರುವುದಿಲ್ಲ.

"ನೋಡಮ್ಮ, ಒಂದು ಲಿಫ್ಟಿಗೆ ಎಷ್ಟು ಮೋಟರ್? ಒಂದು. ಹತ್ತೋರಿಗೂ ಅದೇ, ಇಳಿಯೋರಿಗೂ ಅದೇ. ಇಲ್ಲಿ ಮಾಸ್ಟರ್ ಅಂತ ಬರೆದಿದೆ ಅಲ್ವಾ? ಮಾಸ್ಟರ್ ಅಂದ್ರೆ ಯಜಮಾನ. ಯಜಮಾನ ಎದುರಿಗಿರುವಾಗ ಗುಮಾಸ್ತರ ಹತ್ರ ಯಾಕೆ ಹೋಗ್ಬೇಕು?"

"ಭಾವ, ಈ ಬೂತ್ ಅಂತ ಒಂದು ಇದೆಯಲ್ಲ?"

"ಬೂತಲ್ಲಿ ಓಟು ಹಾಕೋದು. ಮನೇಲಿ ನೀನು ಯಾರಿಗೆ ಓಟು ಹಾಕ್ತೀಯ?"

ಹಾಗೆಂದು ಭಾವ ಯಜಮಾನನಿಂದ ಒಂದು ವೈರು ಎಳೆದು, ಅದನ್ನು ಎರಡು ಕವಲು ಮಾಡಿ, ಒಂದನ್ನು ಅಂಗೈಯಗಲದ ರೆಕಾರ್ಡರಿಗೂ ಇನ್ನೊಂದನ್ನು ಎಕೋ ಡಬ್ಬಿಗೂ ಕೊಟ್ಟ. ಎಕೋ ಡಬ್ಬಿಯಿಂದ ಸ್ಪೀಕರುಗಳಿಗೆ. ಮೇಲೆ ಕಪ್ಪು ಟೇಪು ಸುತ್ತಿ, ಮಿಕ್ಸರನ್ನು ಗೋಡೆಗೆ ಒತ್ತರಿಸಿ, "ಇನ್ನು ಮುಟ್ಬೇಡ" ಎಂದು ಅಪ್ಪಣೆ ಮಾಡಿ ಹೋದ. ಬೂತ್ ನಾಬನ್ನು ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಹಲ್ಲಕ್ಕ ಅದಕ್ಕೆ ತನ್ನ ರಬ್ಬರ್ ಬ್ಯಾಂಡುಗಳನ್ನು ಸಿಕ್ಕಿಸಿದಳು.

ಹೀಗೆ ಹತ್ತು ತಿಂಗಳು ದವಡೆಗಳಿಗೆ ಮಾತ್ರ ಹಾಡು ಕೇಳಿಸಿ ಆದಮೇಲೆ, ಒಂದು ದಿನ ಕ್ಲಿನಿಕ್ಕಿಗೆ ಹಲ್ಲು ಕೊಡಲು ಹೋದವಳಿಗೆ ಗೋಡೆಯ ಮೇಲೊಂದು ಚೀಟಿ ಕಂಡಿತು. ಹಳೆಯ ಉಗ್ರಾಣವೊಂದು ಸ್ಕೇಟಿಂಗ್ ರಿಂಕ್ ಆಗಲಿದೆ, ವಾರಕ್ಕೆ ಮೂರು ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹಾಡು ಬೆರೆಸಲು ಜನ ಬೇಕು, ಒಂದು ಗಂಟೆಯ ರೆಕಾರ್ಡಿಂಗ್ ತನ್ನಿ, ಎಲ್ಲೂ ಕತ್ತರಿ ಹಾಕಿರಬಾರದು. ಹಲ್ಲಕ್ಕ ಆ ಚೀಟಿಯನ್ನು ಮೂರು ಸಲ ಓದಿದಳು. ಕಾಲಿರುವ ಜನರಿಗೆ ಹಾಡು ಹಾಕುವುದು! ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದರೆ, ಬೇಕು ಎಂದು ಯಾರಿಗೂ ಹೇಳಲು ಹೆದರಿಕೆಯಾಯಿತು. ತಿಂಗಳು ತಯಾರಿ ಮಾಡಿ ಒಂದು ಮಧ್ಯಾಹ್ನ ರೆಕಾರ್ಡರಿನ ಗುಂಡಿ ಒತ್ತಿ ನುಡಿಸಿದಳು. ಮೊದಲ ಐದು ನಿಮಿಷ ಕೇಳಿ ನೋಡಿದಳು, ಚೆನ್ನಾಗಿತ್ತು. ಪೂರ್ತಿ ಕೇಳಲಿಲ್ಲ. ಕಟ್ಟಿದ ಹಲ್ಲನ್ನು ಕಟ್ಟಿದವಳೇ ಕಚ್ಚಿ ನೋಡುವ ಪದ್ಧತಿ ಅವಳ ಕಸುಬಿನಲ್ಲಿ ಇಲ್ಲ ನೋಡಿ.

ರಿಂಕಿನ ಒಡತಿಯ ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಎಲ್ಲರೂ ಸೀಟಿ ಮೇಡಂ ಎನ್ನುತ್ತಿದ್ದರು. ಮೂವತ್ತು ವರ್ಷ ಚಕ್ರದ ಮೇಲೆ ನಿಂತಿದ್ದ ಹೆಂಗಸು, ನೆಲದ ಮೇಲೆ ನಡೆಯುವಾಗಲೂ ಜಾರಿದಂತೆಯೇ ಬರುತ್ತಿದ್ದರು.

"ನಾನು ಕೂತ್ಕೊಂಡು ಹಾಡು ಕೇಳೋಳಲ್ಲ," ಎಂದರು. "ಇಲ್ಲಿ ಕೇಳೋದು ಕಾಲು. ನೋಡೋಣ."

ರೆಕಾರ್ಡಿಂಗನ್ನು ದೊಡ್ಡ ಸ್ಪೀಕರುಗಳಿಗೆ ಹಾಕಿ, ತಮ್ಮ ಹನ್ನೆರಡು ಶಿಷ್ಯರನ್ನು ಅಂಗಳಕ್ಕೆ ಬಿಟ್ಟರು. ಮೊದಲ ಒಂಬತ್ತು ನಿಮಿಷ ಹಲ್ಲಕ್ಕ ನೆಲದ ಮೇಲಿರಲಿಲ್ಲ. ತನ್ನ ಹಾಡಿಗೆ ಇಪ್ಪತ್ನಾಲ್ಕು ಕಾಲು ಒಟ್ಟಿಗೆ ಓಲಾಡುವುದನ್ನು ಅವಳು ಅದೇ ಮೊದಲು ನೋಡಿದ್ದು. ಒಂಬತ್ತನೇ ನಿಮಿಷದಲ್ಲಿ ಹಾಡು ಏರತೊಡಗಿತು, ಡ್ರಮ್ಮು ನಿಂತಿತು, ಉಸಿರು ಕಟ್ಟಿತು, ಡ್ರಮ್ಮು ಮತ್ತೆ ಬಡಿಯಿತು, ಅದರ ಬೆನ್ನಿಗೇ ಸದ್ದು ಧಡಕ್ಕನೆ ಪಾತಾಳಕ್ಕೆ ಇಳಿಯಿತು. ಮುಂದಿದ್ದವರ ಕಾಲು ಅನುಮಾನಿಸಿತು. ಹಿಂದಿದ್ದವರ ಕಾಲಿಗೆ ಅನುಮಾನಿಸಲು ಪುರುಸೊತ್ತಿರಲಿಲ್ಲ. ಮೂರು ಜನ ಒಬ್ಬರ ಮೇಲೊಬ್ಬರು ಬಿದ್ದರು.

ಒಂದು ಗಂಟೆಯಲ್ಲಿ ಇಂಥದ್ದು ಆರು ಸಲ ಆಯಿತು. ಸಾಲದ್ದಕ್ಕೆ, ಬೆಸುಗೆಯ ಜಾಗಗಳಲ್ಲಿ ಅವಳು ಅಷ್ಟು ಪ್ರೀತಿಯಿಂದ ಹಾಕಿದ್ದ ಎಕೋ ಒಂದು ಹನಿಯೂ ರೆಕಾರ್ಡಿಂಗಿನಲ್ಲಿ ಇರಲಿಲ್ಲ. ಬಿದ್ದವರಲ್ಲಿ ಯಾರ ಹಲ್ಲೂ ಹೋಗಲಿಲ್ಲ ಎನ್ನುವುದೊಂದೇ ಸಮಾಧಾನ. ಹೋಗಿದ್ದರೂ ಕಟ್ಟಿಕೊಡುವವಳು ಅಲ್ಲೇ ನಿಂತಿದ್ದಳು, ಮುಖ ಎಲ್ಲಿಡಬೇಕೆಂದು ತಿಳಿಯದೆ.

ಸೀಟಿ ಮೇಡಂ ಒಂದು ಚೀಟಿಯ ಮೇಲೆ ಆರು ಹೊತ್ತುಗಳನ್ನು ಬರೆದುಕೊಂಡಿದ್ದರು. "ಏಳು ಜನ ಬಿದ್ರು. ಒಬ್ಬ ಎರಡು ಸಲ. ಬೆಸುಗೆ ಮಾತ್ರ ಬೆಣ್ಣೆ ಇದ್ದಂಗಿದೆ, ಅದಕ್ಕೇ ಬೈತಾ ಇಲ್ಲ. ಇದನ್ನ ಮಾಸ್ಟರಿಂದ ತೆಗೆದ್ರಾ?"

"ಹೂಂ."

"ಮನೇಲಿ ಸದ್ದು ಕಮ್ಮಿ ಮಾಡಿದ್ರೆ ಇದ್ರಲ್ಲೂ ಕಮ್ಮಿ ಆಗದೆ ಇನ್ನೇನಾಗುತ್ತೆ? ರೆಕ್ ಅಂತ ಬೇರೆ ಒಂದು ಜೋಡಿ ತೂತು ಇರುತ್ತಲ್ಲ ಹಿಂದೆ?"

"ಅದು ಗುಮಾಸ್ತ ಅಂದ್ರು ಭಾವ."

"ಯಾರು?"

"ಏನಿಲ್ಲ ಮೇಡಂ."

"ನಾಳೆ ಸಂಜೆ ನಾಲ್ಕರ ತನಕ ಟೈಮ್ ಕೊಡ್ತೀನಿ. ಇನ್ನೊಬ್ಬ ಇದ್ದಾನೆ. ಸಾಧಾರಣ. ಆದ್ರೆ ಅವನ ಹಾಡಿಗೆ ಯಾರೂ ಬೀಳಲ್ಲ."

ಮಾರನೆಯ ಬೆಳಗ್ಗೆ ಗಂಡ ಬಂದು, ತಿಂದು, ಮಲಗಿದ. ಹತ್ತು ಗಂಟೆಗೆ ಹಲ್ಲಕ್ಕ ಸೀಟಿ ಮೇಡಂ ಕೊಟ್ಟಿದ್ದ ಚೀಟಿಯನ್ನು ಎದುರಿಗಿಟ್ಟುಕೊಂಡು, ಹೆಡ್‌ಫೋನ್ ಹಾಕಿ, ತನ್ನದೇ ಹಲ್ಲನ್ನು ತಾನೇ ಕಚ್ಚಲು ಕೂತಳು. ಒಂಬತ್ತು ನಿಮಿಷ. ಹೌದು, ಅಲ್ಲಿ ಮಂಚ ಕಿರುಗುಟ್ಟಿತ್ತು, ತಾನು ತಗ್ಗಿಸಿದ್ದೆ. ಹದಿನೇಳು. ಅಲ್ಲೂ ಮಂಚ. ಇಪ್ಪತ್ತಾರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ಡ್ರಮ್ಮು ವಾಪಸು ಬರುತ್ತದೆ, ಒಂದು, ಎರಡು, ಮೂರು, ನಾಲ್ಕಕ್ಕೆ ಸದ್ದು ಬೀಳುತ್ತದೆ. ಹಿಂದೆ ಹೋಗಿ ಮೊದಲನೆಯದನ್ನು ಕೇಳಿದಳು. ನಾಲ್ಕಕ್ಕೆ. ಎರಡನೆಯದು, ನಾಲ್ಕಕ್ಕೆ. ಆರಕ್ಕೆ ಆರೂ ನಾಲ್ಕಕ್ಕೆ.

ಹಲ್ಲಕ್ಕ ಹೆಡ್‌ಫೋನ್ ತೆಗೆದು ಕೆಳಗಿಟ್ಟಳು. ನಿದ್ದೆ ಮಾಡುವವನು ಯಾವಾಗ ಬೇಕಾದರೂ ಮಗ್ಗುಲು ಬದಲಿಸಲಿ, ಅವನಿಷ್ಟ. ಹಾಡಿನ ಅತಿ ಚೆಂದದ ಜಾಗಕ್ಕೇ, ಅದೂ ನಾಲ್ಕರ ಲೆಕ್ಕ ಹಿಡಿದು ಯಾವ ನಿದ್ದೆಬಡಕ ಮಗ್ಗುಲು ಬದಲಿಸುತ್ತಾನೆ? ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲಾಗದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹನ್ನೊಂದು ತಿಂಗಳು! ಅವಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಆ ಮುಂಗೈಯ ಕಲೆ ಕಣ್ಣಿಗೆ ಕಟ್ಟಿತು, ಸಿಟ್ಟು ಕರಗಿ ಭಯವಾಯಿತು. ತನ್ನ ಈ ಹುಚ್ಚಿನ ದೆಸೆಯಿಂದ ಆ ಮನುಷ್ಯ ಹನ್ನೊಂದು ತಿಂಗಳಿಂದ ಅರೆನಿದ್ದೆಯಲ್ಲಿ ಆ ಒಲೆಯ ಮುಂದೆ ನಿಂತಿದ್ದಾನೆ. ಕೊಟ್ಟ ಮಾತು ಎಂದೋ ಮುರಿದುಹೋಗಿದೆ, ತನಗೇ ತಿಳಿಯದಂತೆ.

ಎದ್ದು ಹೋಗಿ ಕೋಣೆಯ ಬಾಗಿಲು ಬೆರಳಷ್ಟು ಸರಿಸಿ ನೋಡಿದಳು. ಕಣ್ಣಿನ ಮೇಲೆ ಕೈ ಅಡ್ಡ ಇಟ್ಟುಕೊಂಡು ಮಲಗಿದ್ದ. ಈಗ ನಿಜವಾಗಿಯೂ ನಿದ್ದೆಯೇ ಅನಿಸಿತು.

ಅಲ್ಲೇ ನಿಂತು ತೀರ್ಮಾನ ಮಾಡಿದಳು. ಇವತ್ತು ಒಂದೇ ಒಂದು ಸಲ, ಮನೆಯಲ್ಲಿ ಸೊಲ್ಲೇ ಕೇಳಿಸದಂತೆ ನುಡಿಸುವುದು. ಕೆಲಸ ಸಿಕ್ಕರೆ ಇನ್ನು ಮೇಲೆ ಹಾಡೆಲ್ಲ ರಿಂಕಿನಲ್ಲಿ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಎರಡರಲ್ಲಿ ಯಾವುದಾದರೂ ಮಿಕ್ಸರ್ ಅಟ್ಟಕ್ಕೆ.

ಆದರೆ ಮೊದಲು ಅದರ ಬೆನ್ನು ನೋಡಬೇಕಿತ್ತಲ್ಲ. ಪ್ಲಾಸ್ಟರ್ ಉಜ್ಜುವ ಯಂತ್ರಕ್ಕೂ ಗೋಡೆಗೂ ನಡುವೆ ಭಾವ ಅದನ್ನು ಹೇಗೆ ಸಿಕ್ಕಿಸಿದ್ದನೆಂದರೆ ಎಳೆದರೆ ಮೂರು ಹಲಗೆ ದವಡೆಗಳೂ ಉರುಳಬೇಕು. ಹಲ್ಲಕ್ಕ ಯೋಚಿಸಲಿಲ್ಲ. ಬಾಯೊಳಗಿನ ಹಿಂದಿನ ಹಲ್ಲು ನೋಡಲು ವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿ ಅವಳ ಡಬ್ಬಿಯಲ್ಲೂ ಒಂದಿತ್ತು. ಅದನ್ನು ಸಂದಿಗೆ ತೂರಿಸಿ, ಟಾರ್ಚು ಬಿಟ್ಟು, ಮಿಕ್ಸರಿನ ದವಡೆಹಲ್ಲುಗಳನ್ನು ಒಂದೊಂದಾಗಿ ಎಣಿಸಿದಳು. ಅಕ್ಷರಗಳೆಲ್ಲ ಉಲ್ಟಾ. ಆದರೂ ಓದಿದಳು. ಮಾಸ್ಟರ್. ಬೂತ್. ರೆಕ್. ಮೂಲೆಯಲ್ಲಿ ಸೆಂಡ್, ಅದರ ಪಕ್ಕದಲ್ಲಿ ರಿಟರ್ನ್.

ಸಂದಿಯಲ್ಲೇ ಕೈ ತೂರಿಸಿ ಕಪ್ಪು ಟೇಪು ಬಿಚ್ಚಿ, ಒಂದೊಂದನ್ನೇ ಚುಚ್ಚಿ, ನಾಬು ತಿರುಗಿಸಿ, ಹೆಡ್‌ಫೋನಿನಲ್ಲಿ ಕೇಳಿ, ಅರ್ಧ ಗಂಟೆಯಲ್ಲಿ ಗುಟ್ಟು ಬಿಡಿಸಿದಳು. ಬೂತಿಗೆ ಸ್ಪೀಕರು ಕೊಟ್ಟರೆ ಅದಕ್ಕೆ ಅದರದೇ ನಾಬು. ನುಡಿಸುವವಳು ತನ್ನ ಮಟ್ಟಿಗೆ ಏರಿಸಲಿ, ಇಳಿಸಲಿ, ಬೇರೆ ಯಾವುದಕ್ಕೂ ಅದರ ಗೊಡವೆಯಿಲ್ಲ. ರೆಕ್ಕಿಗೆ ರೆಕಾರ್ಡರ್ ಕೊಟ್ಟರೆ ಮಾಸ್ಟರನ್ನು ಸೊನ್ನೆಗಿಳಿಸಿದರೂ ಹಾಡು ತನ್ನ ಪಾಡಿಗೆ ತುಂಬು ದನಿಯಲ್ಲಿ ಒಳಗೆ ಹೋಗುತ್ತದೆ. ಎಕೋ ಡಬ್ಬಿಯ ಜಾಗ ಸ್ಪೀಕರಿನ ದಾರಿಯಲ್ಲಲ್ಲ. ಸೆಂಡಿನಿಂದ ಹೊರಟು ರಿಟರ್ನಿಗೆ ವಾಪಸು ಬರಬೇಕು. ಆಗ ಯಾವ ಹಾಡಿಗೆ ಬೇಕೋ ಅದೊಂದಕ್ಕೇ ಎಕೋ, ಮತ್ತು ಆ ಎಕೋ ರೆಕಾರ್ಡಿಂಗಿಗೂ ಹೋಗುತ್ತದೆ. ಹನ್ನೊಂದು ತಿಂಗಳಿಂದ ಯಜಮಾನನೊಬ್ಬನೇ ದುಡಿದು ಸುಸ್ತಾಗಿದ್ದ. ಗುಮಾಸ್ತರು ಕೈಕಟ್ಟಿ ಕೂತಿದ್ದರು. ಭಾವನ ಮೇಲೆ ಅವಳಿಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ.

ವೈರುಗಳನ್ನೆಲ್ಲ ಹಾಗೆಯೇ ಜೋಡಿಸಿ, ರಬ್ಬರ್ ಬ್ಯಾಂಡುಗಳನ್ನು ಬಿಡಿಸಿ ಬೂತ್ ನಾಬನ್ನು ಪೂರ್ತಿ ಕೆಳಗಿಳಿಸಿದಳು. ಹನ್ನೆರಡು ಗಂಟೆ. ಹೆಡ್‌ಫೋನಿನ ಎರಡೂ ಬಟ್ಟಲನ್ನು ಕಿವಿಗೆ ಒತ್ತಿಕೊಂಡು ರೆಕಾರ್ಡರಿನ ಗುಂಡಿ ಒತ್ತಿದಳು.

ಮನೆ ನಿಶ್ಶಬ್ದ. ಅವಳ ತಲೆಯೊಳಗೆ ಮಾತ್ರ ದೊಡ್ಡ ಗದ್ದಲ. ಒಂಬತ್ತು, ಹದಿನೇಳು, ಇಪ್ಪತ್ತಾರು, ಏರುವ ಜಾಗಗಳೆಲ್ಲ ಒಂದೊಂದಾಗಿ ದಾಟಿದವು. ಯಾರೂ ಬೀಳಲಿಲ್ಲ. ನುಡಿಸುವುದು ಚೆನ್ನಾಗಿಯೇ ಆಗುತ್ತಿತ್ತು, ಆದರೂ ಏನೋ ಸಪ್ಪೆ. ಒಂದು ಕಿವಿ ಯಾವುದನ್ನೋ ಹುಡುಕುತ್ತಿತ್ತು.

ಮೂವತ್ತೊಂದನೇ ನಿಮಿಷದಲ್ಲಿ ತಲೆಯೆತ್ತಿದರೆ, ಬನಿಯನ್ನಿನಲ್ಲಿ, ಕೂದಲು ಕೆದರಿಕೊಂಡು, ಗಂಡ ಎದುರಿಗೇ ನಿಂತಿದ್ದ. ಬಾಯಿ ಆಡುತ್ತಿತ್ತು. ಅವಳು ಒಂದು ಬಟ್ಟಲು ಕಿವಿಯಿಂದ ಸರಿಸಿದಳು.

"ಯಾಕೆ ನಿಂತೋಯ್ತು? ಮೈಗೆ ಹುಷಾರಿಲ್ವಾ?" ಎಂದು ಕೇಳುತ್ತಿದ್ದ.

ನಿಲ್ಲಿಸುವಂತಿಲ್ಲ. ಕತ್ತರಿ ಹಾಕುವಂತಿಲ್ಲ. ಆದರೆ ಮೈಕು ಎಲ್ಲೂ ಇಲ್ಲ. ಮನೆಯಲ್ಲಿ ಬಾಂಬು ಬಿದ್ದರೂ ರೆಕಾರ್ಡರಿಗೆ ಕೇಳಿಸದು. ಹೀಗೆ, ಮದುವೆಯಾಗಿ ಹದಿನೆಂಟು ವರ್ಷಕ್ಕೆ, ಗಂಡಹೆಂಡತಿ ಮನಸ್ಸು ಬಿಚ್ಚಿ ಜಗಳ ಆಡಲು ಸರಿಯಾಗಿ ಇಪ್ಪತ್ತೊಂಬತ್ತು ನಿಮಿಷ ಸಿಕ್ಕಿತು.

"ಹುಷಾರಿಲ್ದೆ ಏನು? ನಿಮಗೆ ಹೇಗೆ ಗೊತ್ತಾಯ್ತು ನಿಂತಿದ್ದು? ಆನೆ ತುಳಿದ್ರೂ ಎಚ್ಚರ ಆಗಲ್ಲ ಅಂದೋರಿಗೆ?"

ಗಂಡ ಬಾಗಿಲ ಚೌಕಟ್ಟು ನೋಡಿದ, ದವಡೆಗಳನ್ನು ನೋಡಿದ. ದವಡೆಗಳು ಹಲ್ಲು ಕಿರಿದವು.

"ತಡೀರಿ, ಈಗ ಮಾತಾಡ್ಬೇಡಿ," ಎಂದು ಹಲ್ಲಕ್ಕ ಎಂಟು ಎಣಿಸಿ ಒಂದು ಹಾಡನ್ನು ಇಳಿಸಿ ಇನ್ನೊಂದನ್ನು ಏರಿಸಿದಳು. "ಹಾಂ, ಈಗ ಹೇಳಿ. ಎಷ್ಟು ದಿನದಿಂದ?"

"ಮೊದಲ್ನೇ ದಿನದಿಂದ."

"ದೇವರೇ! ಆ ಕೈ ನೋಡ್ಕೊಳ್ರೀ! ಮತ್ತೆ ಸುಟ್ಕೊಂಡಿದ್ರೆ?"

"ಸುಟ್ಕೊಂಡ್ನಾ?"

"ಸುಟ್ಕೊಂಡಿಲ್ಲ ಅನ್ನೋದು ನಿಮ್ಮ ಪುಣ್ಯ, ನನ್ನ ಪುಣ್ಯ ಅಲ್ಲ!"

"ನನ್ನ ಮಾತು ಕೇಳು," ಎಂದು ಗಂಡ ಪ್ಲಾಸ್ಟರ್ ಮೂಟೆಯ ಮೇಲೆ ಕೂತ. "ಎಂಟಕ್ಕೆ ಮಲಗ್ತೀನಿ. ಹನ್ನೆರಡಕ್ಕೆ ಐದು ನಿಮಿಷ ಇದೆ ಅನ್ನುವಾಗ ದಿಂಬಿನ ಕೆಳಗೆ ಫೋನು ನಡುಗುತ್ತೆ, ಏಳ್ತೀನಿ. ನೀನು ಮುಗಿಸಿದ ಮೇಲೆ ಮತ್ತೆ ಮಲಗಿ ಐದಕ್ಕೆ ಏಳ್ತೀನಿ. ಹಿಟ್ಟಿನ ಮುದ್ದೆ ಎರಡು ತುಂಡು ಮಾಡಿದ್ರೆ ತೂಕ ಕಮ್ಮಿ ಆಗುತ್ತಾ? ನಿದ್ದೇನೂ ಹಾಗೇ."

"ಅಲಾರಂ ಇಟ್ಕೊಂಡು?" ಹಲ್ಲಕ್ಕನ ಕೈ ಅರೆಕ್ಷಣ ತಪ್ಪಿತು, ಮತ್ತೆ ತಾಳಕ್ಕೆ ಬಂತು. "ಅಲಾರಂ ಇಟ್ಕೊಂಡು ಎದ್ದು, ನಿದ್ದೆ ನಟಿಸ್ತಿದ್ರಾ? ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಅಟ್ಟಕ್ಕೆ ಹಾಕ್ತಿದ್ದೆ."

ಹಲ್ಲಕ್ಕ ಇನ್ನೊಂದು ಪ್ಲೇಯರಿಗೆ ಮುಂದಿನ ಹಾಡು ಹಾಕಿದಳು.

"ನೀನು ಏಳುವಾಗ ನಾನು ಮನೇಲಿಲ್ಲ," ಎಂದ ಗಂಡ, ತನ್ನ ಮಾತಿಗೆ ತಾನೇ ನಾಚಿಕೊಂಡವನಂತೆ ನೆಲ ನೋಡುತ್ತ. "ನಾನು ಬರುವಾಗ ನಿನ್ನ ಕೈತುಂಬ ಹಲ್ಲು. ನಾನು ಎದ್ದರೆ ನೀನು ಕ್ಲಿನಿಕ್ಕಿಗೆ ಹೊರಟಿರ್ತೀಯ. ನಾವಿಬ್ಬರೂ ಪುರುಸೊತ್ತಾಗಿ ಒಟ್ಟಿಗೆ ಎಚ್ಚರ ಇರೋದು ಅಂದ್ರೆ ಆ ಒಂದು ಗಂಟೆ ಕಣೇ. ಗೋಡೆ ಇದ್ರೇನಾಯ್ತು."

ಹಲ್ಲಕ್ಕನ ಕಣ್ಣು ಮಂಜಾಯಿತು. ಅಳಲು ಅದು ಹೊತ್ತಲ್ಲ. ಮುಂದಿನ ಹಾಡು ಇಪ್ಪತ್ತು ಸೆಕೆಂಡಿನಲ್ಲಿ ಬರಬೇಕಿತ್ತು. ಮೊಣಕೈಯಿಂದ ಮೂಗೊರೆಸಿಕೊಂಡು ಅದನ್ನು ತಂದಳು.

"ಮತ್ತೆ ಮಂಚ ಯಾಕೆ ಕಿರುಗುಟ್ಟಿಸ್ತೀರ? ಸುಮ್ನೆ ಬಿದ್ಕೊಂಡು ಕೇಳೋಕಾಗಲ್ವಾ? ನಿಮ್ಮಿಂದ ಏಳು ಜನ ಬಿದ್ದರು ನಿನ್ನೆ!"

"ನಾನಲ್ಲ, ಕಾಲು. ಆ ಜಾಗ ಬರುತ್ತಲ್ಲ, ಮೂರರ ತನಕ ಹಲ್ಲು ಕಚ್ಚಿ ತಡ್ಕೊಳ್ತೀನಿ. ನಾಲ್ಕಕ್ಕೆ ತಾನಾಗೇ ಒದ್ಬಿಡುತ್ತೆ. ಒದ್ದ ತಕ್ಷಣ ನೀನು ಕಮ್ಮಿ ಮಾಡ್ತೀಯ." ಅವನು ನಕ್ಕ, ಆದರೆ ಪೂರ್ತಿ ನಗುವಲ್ಲ. "ಹನ್ನೊಂದು ತಿಂಗಳಾಯ್ತು, ಆ ಜಾಗದಿಂದಾಚೆ ಹೇಗಿದೆ ಅಂತ ನಾನು ಒಂದು ದಿನಾನೂ ಕೇಳಿಲ್ಲ. ಬಾಗಿಲ ತನಕ ಹೋಗೋದು, ವಾಪಸ್ ಬರೋದು. ಇಷ್ಟೇ ಆಯ್ತು."

ಅಷ್ಟರಲ್ಲಿ ನಲವತ್ತನಾಲ್ಕನೇ ನಿಮಿಷದ ಏರು ಬಂತು. ಸ್ಪೀಕರುಗಳು ಮೂಕವಾಗಿದ್ದವು. ಮಿಕ್ಸರಿನ ಮೇಲಿನ ಹಸಿರು ದೀಪಗಳ ಸಾಲು ಮಾತ್ರ ಮೇಲೆ ಮೇಲೆ ಹತ್ತಿ, ಕೆಂಪನ್ನು ಮುಟ್ಟಿ ಕುಣಿಯಿತು. ಗಂಡ ಎದ್ದು ಬಂದು ಆ ದೀಪಗಳನ್ನೇ ನೋಡಿದ.

"ಈಗ ಬಂತಾ?" ಎಂದು ಕೇಳಿದ.

"ಹೂಂ," ಎಂದಳು ಹಲ್ಲಕ್ಕ. "ಈಗ."

ಆಮೇಲೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ರಿಂಕಿನ ಕೆಲಸ ಸಿಕ್ಕರೆ ವಾರಕ್ಕೆ ಮೂರು ಮಧ್ಯಾಹ್ನ ತಾನು ಮನೆಯಲ್ಲಿ ಇರುವುದಿಲ್ಲ, ಕೈತಪ್ಪುವುದು ತಮ್ಮಿಬ್ಬರ ಆ ಒಂದು ಗಂಟೆಯೇ. ಮಿಕ್ಸರನ್ನು ಅಟ್ಟಕ್ಕೆ ಹಾಕಬೇಕು ಅಂತಲೂ ಇದ್ದೇನೆ.

"ಹೋಗು," ಎಂದ ಗಂಡ, ಯೋಚಿಸದೆ. ಆಮೇಲೆ ಯೋಚಿಸಿ ಅಂದ, "ಆ ಮೂರು ದಿನ ನಿಜವಾಗ್ಲೂ ನಿದ್ದೆ ಮಾಡ್ತೀನಿ. ಉಳಿದ ನಾಲ್ಕು ದಿನ ನಟಿಸಲ್ಲ. ಇಲ್ಲೇ ಬಂದು ಕೂತ್ಕೊಳ್ತೀನಿ. ಅಟ್ಟದ ಮಾತು ಮಾತ್ರ ಎತ್ಬೇಡ."

"ಫೋನಿನ ಅಲಾರಂ ನಾನು ನೋಡ್ತೀನಿ. ನಿದ್ದೆ ಕಮ್ಮಿ ಆಯ್ತು ಅಂತ ಕಂಡ್ರೆ ಆ ದಿನ ಹಾಡಿಲ್ಲ."

"ಆಯ್ತು."

"ಸುಳ್ಳು ಹೇಳಿದ್ರೆ ಹಲ್ಲು ಉದುರಿಸ್ತೀನಿ."

"ಕಟ್ಟೋಳೂ ನೀನೇ ತಾನೇ."

ಐವತ್ತಾರನೇ ನಿಮಿಷ. ಕೊನೆಯ ಏರು. ಡ್ರಮ್ಮು ನಿಂತಿತು. ಹಲ್ಲಕ್ಕ ಹೆಡ್‌ಫೋನನ್ನು ಕೊರಳಿಗಿಳಿಸಿ, ಬೂತ್ ನಾಬಿನ ಮೇಲೆ ಕೈಯಿಟ್ಟು, ಇಷ್ಟು ದಿನ ಆ ಮನೆಯಲ್ಲಿ ಯಾವ ನಾಬನ್ನೂ ತಿರುಗಿಸದಷ್ಟು ಬಲಕ್ಕೆ ತಿರುಗಿಸಿದಳು. ಹಲಗೆಯ ಮೇಲೆ ದವಡೆಗಳು ಗಡಗಡ ನಡುಗಿದವು. ಒಂದು, ಎರಡು, ಮೂರು. ನಾಲ್ಕಕ್ಕೆ ಗಂಡನ ಕಾಲು ನೆಲವನ್ನು ಒದೆಯಿತು, ಮತ್ತು ಈ ಸಲ ಸದ್ದು ಎಲ್ಲೂ ಹೋಗಲಿಲ್ಲ. ಅವನು ಬಾಯಿ ತೆರೆದುಕೊಂಡು ನಿಂತುಬಿಟ್ಟ. ಅಲ್ಲಿ ಎಂಟು ಎಣಿಸಿ ಮುಂದಕ್ಕೆ ಹೋಗಬೇಕಿತ್ತು. ಹಲ್ಲಕ್ಕ ಅವನ ಮುಖ ನೋಡಿದಳು, ಇನ್ನೊಂದು ಪ್ಲೇಯರಿಗೂ ಅದೇ ಹಾಡನ್ನು ಹಾಕಿ ಬೆಸೆದು ಆ ಜಾಗವನ್ನೇ ಮತ್ತೊಂದು ಸುತ್ತು ತಂದಳು. ಆಮೇಲೆ ಇನ್ನೂ ಒಂದು ಸುತ್ತು.

ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗಂಡ ಗಾಢ ನಿದ್ದೆಯಲ್ಲಿದ್ದ, ಹಲ್ಲಕ್ಕ ರಿಂಕಿನಲ್ಲಿದ್ದಳು. ಹನ್ನೆರಡು ಜನ ಒಂದು ಗಂಟೆ ಸುತ್ತಿದರು. ಒಬ್ಬರೂ ಬೀಳಲಿಲ್ಲ. ಕೊನೆಗೆ ಸೀಟಿ ಮೇಡಂ ತಾವೇ ಬೂಟು ಕಟ್ಟಿಕೊಂಡು ಅಂಗಳಕ್ಕಿಳಿದಿದ್ದರು. ಬೆವರೊರೆಸಿಕೊಳ್ಳುತ್ತ ಜಾರಿ ಬಂದು ಕಟಕಟೆ ಹಿಡಿದು ನಿಂತರು.

"ಬುಧವಾರ ಹನ್ನೆರಡಕ್ಕೆ ಬಂದ್ಬಿಡಿ," ಎಂದರು. "ಒಂದು ಕೇಳ್ಬೇಕು. ಆ ಕೊನೇದನ್ನ ಯಾಕೆ ಮೂರು ಸುತ್ತು ಎಳೆದ್ರಿ? ಯಾರೂ ಹಾಗೆ ಮಾಡಲ್ಲ. ನನ್ನ ಕಾಲು ನಿಲ್ಲಲೇ ಇಲ್ಲ."

"ಮನೇಲಿ ಒಬ್ಬರು ಹನ್ನೊಂದು ತಿಂಗಳಿಂದ ಅದಕ್ಕೇ ಕಾಯ್ತಿದ್ರು ಮೇಡಂ," ಎಂದಳು ಹಲ್ಲಕ್ಕ.